ಬಂದ್ ದಿನ ಹಿಡಿದ ಉಸಿರು

ನಾರಾಯಣಪೇಟೆಯ ನಮ್ಮ ಮಗ್ಗದ ಕೋಣೆಯಲ್ಲಿ ವಿಡಿಯೋ ಗೇಮ್ ಸ್ಟುಡಿಯೋ ಶುರುವಾಯಿತು ಎಂದರೆ ಈಗಲೂ ಜನ ನಗುತ್ತಾರೆ. ನಗಲಿ. ಆ ಕೋಣೆಯಲ್ಲಿ ಎರಡು ಕುಣಿ ಮಗ್ಗ ಇದ್ದವು. ಗಂಡ ಸತ್ತ ಮೇಲೆ ಅವನದು ಸುಮ್ಮನೆ ನಿಂತಿತ್ತು. ಮೊಮ್ಮಗಳು ಜಾಗ ಕೇಳಿದಳು. ಮಗ್ಗ ಬಿಚ್ಚಿಸಿ, ಕಾಲು ಇಳಿಬಿಡುವ ಕುಣಿಗೆ ಹಲಗೆ ಮುಚ್ಚಿಸಿ, ಮೇಲೆ ಮೇಜು ಹಾಕಿಸಿ ಕೊಟ್ಟೆ. ಇನ್ನೊಂದು ನನ್ನದು, ಅದರ ಮೇಲೆ ಕಣ್ಣು ಹಾಕಬೇಡ ಎಂದೂ ಹೇಳಿದೆ.

ಅವರು ಮೂವರು. ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಬರೆದು ಹೇಳುವವಳು ನನ್ನ ಮೊಮ್ಮಗಳು. ಚಿತ್ರ ಬರೆಯುವವಳು ಗದ್ವಾಲದ ಹುಡುಗಿ. ಸದ್ದು, ಸಂಗೀತ ನೋಡಿಕೊಳ್ಳುವವನು ಮಕ್ತಲಿನವನು, ಒಂದು ಕೂಸಿನ ತಂದೆ, ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಮೂವರೂ ಸೇರಿ ಮಾಡಿದ್ದು ಕಬಡ್ಡಿಯ ಗೇಮು. ನಾವು ಅದಕ್ಕೆ ಹುತುತು ಅನ್ನುತ್ತೇವೆ.

ಅದನ್ನು ಹೈದರಾಬಾದಿಗೆ ಒಯ್ದು, ಇಂಥ ಗೇಮುಗಳನ್ನು ಕೊಂಡು ಮಾರುವ ಒಬ್ಬ ಸಾಹೇಬರಿಗೆ ತೋರಿಸಿದರು. ಚಿತ್ರ ಚೆನ್ನಾಗಿದೆ, ಆಡುವವನಿಗೆ ಭಯವೇ ಹುಟ್ಟುವುದಿಲ್ಲ, ಇನ್ನೊಂದೇ ಸಲ ನೋಡುತ್ತೇನೆ ಎಂದು ಅವರು ತಿರುಗಿ ಕಳಿಸಿದರು.

"ಈ ಸಲಾನೂ ಇಲ್ಲ ಅಂದ್ರ ನಾ ಬರಾಂಗಿಲ್ಲ" ಎಂದ ಮಕ್ತಲಿನವನು. "ನಮ್ಮ ಮಾವನ ಅಂಗಡ್ಯಾಗ ಕುಂದರ್ತೀನಿ."

"ನನ್ನೂ ಸೀರಿ ಅಂಗಡ್ಯಾಗ ಕುಂದರಸ್ತಾರ" ಎಂದಳು ಗದ್ವಾಲದವಳು.

ಇವರಿಬ್ಬರು ಹೋದರೆ ಸ್ಟುಡಿಯೋ ಎಲ್ಲಿಂದ ಬಂತು? ಒಬ್ಬಳು ಹುಡುಗಿ, ಮೂರು ಕಂಪ್ಯೂಟರು, ಅಷ್ಟೇ.

ತೆಲಂಗಾಣ ಬೇಕೆಂದು ಊರೂರೇ ಎದ್ದಿದ್ದ ಕಾಲ. ಕರೆಂಟು ಇದ್ದುದಕ್ಕಿಂತ ಹೋದದ್ದೇ ಹೆಚ್ಚು. ಒಂದು ಮಧ್ಯಾಹ್ನ ಪರದೆಗಳೆಲ್ಲ ಕಪ್ಪಾದವು. ಮೂವರೂ ಕೈಕಟ್ಟಿ ಕೂತರು. ನಾನು ನೇಯುತ್ತಲೇ ಇದ್ದೆ.

"ನನ್ನ ಮಗ್ಗಕ್ಕ ಕರೆಂಟ್ ಬೇಕಾಗಿಲ್ಲ ನೋಡ್ರಿ."

"ಗೊತ್ತೈತಿ ಅಜ್ಜಿ, ದಿನಾ ಹೇಳ್ತಿ" ಎಂದಳು ಮೊಮ್ಮಗಳು.

"ಇದನ್ನ ಹೇಳು. ನಿಮ್ಮಾಗ ಹುತುತು ಆಡಿದೋರು ಯಾರು?"

ಮಕ್ತಲಿನವನು, "ಟಿವ್ಯಾಗ ನೋಡೀವ್ರಿ ಅಜ್ಜಿ" ಎಂದ.

"ಟಿವ್ಯಾಗ ರೊಟ್ಟಿ ನೋಡಿದ್ರ ಹೊಟ್ಟಿ ತುಂಬತೈತೇನು? ಏಳ್ರಿ ಮ್ಯಾಲ."

ನನ್ನ ತವರು ಮಕ್ತಲಿನ ಆಚೆ, ಕೃಷ್ಣೆಯ ದಂಡೆ. ಮದುವೆಯಾಗುವ ತನಕ ಹೊಳೆಯ ಮರಳಿನಲ್ಲಿ ಆಡಿದವಳು ನಾನು. ಅಂಗಳದಲ್ಲಿ ಒಲೆಯ ಬೂದಿಯಿಂದ ಗೆರೆ ಎಳೆದೆ. ಗೆರೆ ದಾಟಿದ ಮೇಲೆ ಒಂದೇ ಉಸಿರಿನಲ್ಲಿ ಹುತುತು ಅನ್ನುತ್ತಿರಬೇಕು, ಮುಟ್ಟಿ ತಿರುಗಿ ಬರುವ ತನಕ ಮತ್ತೆ ಉಸಿರು ಎಳೆದುಕೊಳ್ಳಬಾರದು ಎಂದೆ. ಮೊದಲು ಮೊಮ್ಮಗಳು ಹೋದಳು. ಒಂಬತ್ತು ಎಣಿಸುವಷ್ಟರಲ್ಲಿ ಉಸಿರು ಕಡಿಯಿತು, ಗದ್ವಾಲದವಳು ಕಾಲು ಹಿಡಿದು ಕೆಡವಿದಳು. ಮೊಮ್ಮಗಳು ಮಣ್ಣಿನಲ್ಲೇ ಕೂತುಬಿಟ್ಟಳು. ಮೊಣಕಾಲು ಸುಲಿದಿತ್ತು, ನೋಡಿಕೊಳ್ಳಲಿಲ್ಲ.

"ನಾವು ಉಸಿರಿನ ಜಾಗದಾಗ ಗಡಿಯಾರ ಇಟ್ಟೀವಿ" ಎಂದಳು. "ನಮ್ಮ ಆಟದಾಗ ಯಾರಿಗೂ ಉಸಿರ ಇಲ್ಲ."

ಮರುದಿನವೇ ಗಡಿಯಾರ ಕಿತ್ತು ಹಾಕಿದರು. ಬೆರಳು ಒತ್ತಿ ಹಿಡಿದಷ್ಟು ಹೊತ್ತು ಹುತುತು ಎಂಬ ದನಿ ಕೇಳಬೇಕು, ಬರಬರುತ್ತಾ ಅದು ಸಣ್ಣಗಾಗಬೇಕು, ಕಡಿದರೆ ಆಟಗಾರ ಸತ್ತ. ಎಷ್ಟು ಉಳಿದಿದೆ ಎಂದು ಪರದೆಯ ಮೇಲೆ ಎಲ್ಲೂ ಬರೆಯುವುದಿಲ್ಲ, ಕಿವಿಯಿಂದಲೇ ತಿಳಿಯಬೇಕು. ಅದಕ್ಕೆ ಕೊನೆಯ ಎಳೆಯವರೆಗೂ ಹೋಗುವ ಒಂದು ದನಿ ಬೇಕಿತ್ತು. ಮಕ್ತಲಿನವನದು ಹನ್ನೊಂದಕ್ಕೆ ಮುಗಿಯಿತು. ಗದ್ವಾಲದವಳಿಗೆ ನಡುವೆ ನಗು ಬಂತು. ನಾನು ಇಪ್ಪತ್ತಾರು ಎಣಿಸುವವರೆಗೆ ಎಳೆದೆ.

"ಅಜ್ಜಿ ಎದಿಯಾಗ ಚೀಲ ಹೊಲಿಸ್ಯಾಳೇನ್ ಲೇ" ಎಂದು ಮೊಮ್ಮಗಳು ಅವರಿಬ್ಬರನ್ನೂ ನೋಡಿದಳು.

ಕಿಟಕಿಗೆ ಕೌದಿ ಕಟ್ಟಿ ರೆಕಾರ್ಡ್ ಮಾಡಿದರು. ನನ್ನ ಮಗ್ಗ ನಿಂತಿತ್ತು ನಿಜ, ಓಣಿಯ ಮಗ್ಗಗಳು ನಿಲ್ಲಬೇಕಲ್ಲ. ಎಷ್ಟು ಸಲ ಹಿಡಿದರೂ ಹಿಂದೆ ಟಕ್ ಟಕ್. ಒಂದು ತಾಸು ನಿಲ್ಲಿಸಿರಪ್ಪಾ ಎಂದು ಮನೆಮನೆಗೆ ಹೋಗಿ ಕೇಳಿದೆ.

"ಅಕ್ಕಾ, ನೀ ಹುತುತು ಅನ್ನಾಕ ನಾವು ಕೈ ಕಟ್ಟಿ ಕುಂದರಬೇಕೇನು?" ಎಂದ ಪಕ್ಕದ ಮನೆಯ ನೇಕಾರ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಅಷ್ಟರಲ್ಲಿ ತೆಲಂಗಾಣಕ್ಕಾಗಿ ಬಂದ್ ಬಂತು. ಬಂದ್ ಎಂದರೆ ನಮ್ಮ ಓಣಿ ಮಗ್ಗವನ್ನೂ ನಿಲ್ಲಿಸುತ್ತದೆ. ಬಸ್ಸು ಇರುವುದಿಲ್ಲವೆಂದು ಮಕ್ತಲಿನವನು ಹಿಂದಿನ ದಿನವೇ ಬಂದು ಉಳಿದ. ಬೆಳಿಗ್ಗೆ ಎದ್ದರೆ ಓಣಿಯಲ್ಲಿ ಕಾಗೆಯ ಸದ್ದು ಬಿಟ್ಟರೆ ಏನೂ ಇಲ್ಲ. ಸೆರಗು ಬಿಗಿದು ಕೂತು ಉಸಿರು ಎಳೆದು ಶುರು ಮಾಡಿದೆ. ಹದಿನೈದಕ್ಕೆ ಬಂದಿದ್ದೆ, ದೊಡ್ಡ ರಸ್ತೆಯಲ್ಲಿ ಮೆರವಣಿಗೆ ಬಂತು, ಜೈ ತೆಲಂಗಾಣ ಎಂದು ಕೂಗು. ಮಕ್ತಲಿನವನು ನಿಲ್ಲಿಸು ಎಂದು ಕೈ ಬೀಸಿದ. ನಾನು ನಿಲ್ಲಿಸಲಿಲ್ಲ. ಇಪ್ಪತ್ತೆಂಟಕ್ಕೆ ಕಣ್ಣಿಗೆ ಕತ್ತಲೆ ಬಂದು ಉಸಿರು ಕಡಿಯಿತು.

"ಮೆರವಣಿಗಿ ಸದ್ದು ಸೇರೈತ್ರಿ ಅಜ್ಜಿ. ಇನ್ನೊಂದ್ ಸಲ."

ಮೆರವಣಿಗೆ ದಾಟಿದ ಮೇಲೆ ಮತ್ತೆ ಮಾಡಿದೆ. ಹತ್ತೊಂಬತ್ತು. ಮತ್ತೆ ಮಾಡಿದೆ. ಹದಿನಾಲ್ಕು.

"ಮೊದಲ ಹಿಡಿದದ್ದನ್ನ ಇಡು" ಎಂದೆ. "ಅಂಥಾದ್ದು ಇನ್ನೊಂದು ನನ್ನಾಗ ಇಲ್ಲ."

ಹೈದರಾಬಾದಿಗೆ ನಾನೂ ಹೋದೆ. ಸಾಹೇಬರು ಗಾಜಿನ ಕೋಣೆಯಲ್ಲಿ ಕೂತು ಆಡತೊಡಗಿದರು. ಮೊದಲ ಸಲ ಬೇಗ ಸತ್ತರು. ಎರಡನೆಯ ಸಲ ನಾನು ಪರದೆ ನೋಡಲಿಲ್ಲ, ಅವರ ಎದೆ ನೋಡಿದೆ. ಅಂಗಿ ಅಲುಗುತ್ತಿರಲಿಲ್ಲ. ಒಳಗೆ ನನ್ನ ದನಿ ಕಡಿದಾಗ ಅವರು ಹೊರಗೆ ಉಸಿರು ಬಿಟ್ಟರು. ಚಹಾ ಆರಿಹೋಗಿತ್ತು. ಮೂರನೆಯ ಸಲವೂ ಆಡಿದರು.

ಆಮೇಲೆ ತೆಲುಗಿನಲ್ಲಿ ಹೇಳಿದರು: ಹಿಂದೆ ಘೋಷಣೆ ಕೇಳುತ್ತದೆ, ಇದನ್ನು ಆಂಧ್ರದ ಕಡೆಯೂ ಮಾರಬೇಕು, ಯಾರಾದರೂ ಎಳೆಯರ ದನಿಯಲ್ಲಿ ಮತ್ತೆ ಮಾಡಿಸಿ.

ಮೊಮ್ಮಗಳ ಮುಖ ಇಳಿಯಿತು. ನಾನೂ ತೆಲುಗಿನಲ್ಲೇ, "ನೀವೂ ಎಳೆಯರೇ ಅಲ್ಲವೇನು ಬಾಬು, ಒಮ್ಮೆ ಅಂದು ತೋರಿಸಿ" ಎಂದೆ. ಅವರು ನಕ್ಕು, ಟೈ ಸಡಿಲಿಸಿ, ಶುರು ಮಾಡಿದರು. ಏಳಕ್ಕೆ ಕೆಮ್ಮು ಬಂತು. ಕೋಣೆಯಲ್ಲಿದ್ದವರೆಲ್ಲ ನಕ್ಕರು.

"ದನಿ ಇದೇ ಇರ್ಲಿ ಸರ್" ಎಂದು ಮೊಮ್ಮಗಳೂ ತೆಲುಗಿನಲ್ಲೇ ಹೇಳಿದಳು. "ಘೋಷಣಿ ಮಾತು ತಿಳೀದಂಗ ಮಾಡ್ತೀವಿ, ಗದ್ದಲ ಅಷ್ಟ ಉಳೀತದ. ಆಟ ನೋಡಾಕ ಮಂದಿ ಬ್ಯಾಡೇನ್ರಿ?"

ಸಾಹೇಬರು ಒಪ್ಪಿದರು. ಮಕ್ತಲಿನವನಿಗೆ ಆ ಕೂಗು ತಗ್ಗಿಸಲು ಮನಸ್ಸಿರಲಿಲ್ಲ, ಬಸ್ಸಿನಲ್ಲಿ ಬರುವಾಗ ಗೊಣಗಿದ. ಮೆರವಣಿಗೆಯ ಕೆಲಸ ರಸ್ತೆಯಲ್ಲಿ ಆಗುತ್ತದೆ, ಗೇಮಿನಲ್ಲಲ್ಲ ಎಂದು ಅವನ ಬಾಯಿ ಮುಚ್ಚಿಸಿದೆ. ಅವನು ಮಾವನ ಅಂಗಡಿಗೆ ಹೋಗಲಿಲ್ಲ.

ರಾಜ್ಯ ಬಂತು. ಕರೆಂಟೂ ನಿಂತಿತು, ಅಂದರೆ ಹೋಗುವುದನ್ನು ನಿಲ್ಲಿಸಿತು. ಸ್ಟುಡಿಯೋ ಎರಡನೆಯದಾಗಿ ಕುಸ್ತಿಯ ಗೇಮು ಮಾಡಿತು, ಯಾರೂ ಆಡಲಿಲ್ಲ. ಮೂರನೆಯದು ಖೋ ಖೋ, ಅದು ನಡೆಯಿತು. ಈಗ ದೊಡ್ಡ ರಸ್ತೆಯಲ್ಲಿ ಮಹಡಿಯ ಮೇಲೆ ಎರಡು ಕೋಣೆ, ಬೋರ್ಡು, ಹೊಸಬರು. ನಾನು ಕುಣಿಯ ಹಲಗೆ ತೆಗೆಸಿ ಮಗ್ಗ ಮತ್ತೆ ಕೂರಿಸಿದೆ. ಓಣಿಯ ಒಬ್ಬಳು ಅಲ್ಲಿ ನೇಯುತ್ತಾಳೆ.

ಈಗ ಹುತುತುವಿನ ಎರಡನೆಯ ಗೇಮಿನ ಕೆಲಸ ನಡೆದಿದೆ. ನನ್ನ ಉಸಿರು ಹನ್ನೆರಡಕ್ಕೆ ಇಳಿದಿದೆ. ಹಳೆಯ ದನಿಯನ್ನೇ ಹಾಕುತ್ತೇನೆ ಎಂದಳು ಮೊಮ್ಮಗಳು.

"ಬ್ಯಾಡ" ಎಂದೆ. "ಹೊಸಾ ಆಟಕ್ಕ ಹೊಸಾ ಉಸಿರು ಹುಡುಕು."

ಅವಳು ಶಾಲೆಗಳಿಂದ ಆಡುವ ಹುಡುಗಿಯರನ್ನು ಕರೆತರುತ್ತಾಳೆ. ನಾನು ಕುರ್ಚಿ ಹಾಕಿಕೊಂಡು ಎಣಿಸುತ್ತೇನೆ. ಇಪ್ಪತ್ತೆಂಟರ ಒಳಗಿದ್ದರೆ ಮೊಸರನ್ನ ಉಣಿಸಿ ವಾಪಸು ಕಳಿಸುತ್ತೇನೆ. ಮಕ್ತಲಿನವಳೊಬ್ಬಳು ಇಪ್ಪತ್ತಮೂರಕ್ಕೆ ಬಂದಳು. "ಸಾಕಲ್ಲ ಅಜ್ಜಿ" ಎಂದಳು ಮೊಮ್ಮಗಳು. ಸಾಲದು. ನಾಳೆ ಗದ್ವಾಲದ ಕಡೆಯ ಗಟ್ಟು ಊರಿನಿಂದ ಇಬ್ಬರು ಬರುತ್ತಾರೆ.