ಅಂಕಿತಕ್ಕೆ ಮೊದಲೇ ಎತ್ತಿದ ಫೋನ್

೨೦೦೫ರಲ್ಲಿ ನಾನು ಚೆನ್ನೈನ ನುಂಗಂಬಾಕ್ಕಂನ ಒಂದು ಖಾಸಗಿ ಸಂಸ್ಥೆಯಲ್ಲಿ ಮ್ಯೂಸಿಕ್ ಬಿಸಿನೆಸ್ ಡಿಪ್ಲೊಮಾದ ಅಧ್ಯಾಪಕಿಯಾಗಿದ್ದೆ. ಹಾಡನ್ನು ಯಾರು, ಯಾವ ಷರತ್ತಿನ ಮೇಲೆ ಮಾರಬಹುದು ಎಂಬ ಕಾಪಿರೈಟ್ ಮತ್ತು ಕರಾರಿನ ಪಾಠ ನನ್ನದು. ಅದಕ್ಕೂ ಮೊದಲು ಗಿಂಡಿ ಬಡಾವಣೆಯ ಕ್ಯಾಸೆಟ್ ಕಂಪನಿಯೊಂದರಲ್ಲಿ ಇದೇ ಕೆಲಸ ಮಾಡಿದ್ದರಿಂದ ಪಾಠ ಸಲೀಸು ಎಂದುಕೊಂಡಿದ್ದೆ. ಎಲ್ಲಿಯ ಸಲೀಸು! ಕ್ಯಾಸೆಟ್ ವಿತರಣೆಯ ಪಾಠ ಮುಗಿಯುವಷ್ಟರಲ್ಲಿ ನಾನು ಉದಾಹರಣೆ ಕೊಟ್ಟ ಅಂಗಡಿಯೇ ಮೊಬೈಲ್ ಅಂಗಡಿಯಾಗಿರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಆಗಲೇ ಕಾಲರ್ ಟ್ಯೂನ್ ಬಂದದ್ದು. ನೀವು ಯಾರಿಗಾದರೂ ಫೋನ್ ಮಾಡಿದರೆ, ಅವರು ಎತ್ತುವವರೆಗೆ ಗಂಟೆಯ ಸದ್ದಿನ ಬದಲು ಹಾಡು ಕೇಳಿಸುವ ಏರ್ಪಾಡು ಅದು. ನನ್ನ ಯಜಮಾನರ ಸೋದರತ್ತೆ ಕಮಲತ್ತೆ ಹಿಂದೆ ದೇವರನಾಮಗಳ ಕ್ಯಾಸೆಟ್‌ಗಳಿಗೆ ಹಾಡಿದ್ದರು. ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಮಾಧ್ವರ ಮನೆಯವರು. ಅವರ ಹಳೆಯ ಕರಾರು ಕ್ಯಾಸೆಟ್‌ಗೆ ಮಾತ್ರ ಇತ್ತು. ಕ್ಯಾಸೆಟ್ ನಿಲ್ಲಿಸುತ್ತಿದ್ದೇವೆ, ಹಾಡುಗಳನ್ನು ಕಾಲರ್ ಟ್ಯೂನ್ ಮಾಡಲು ಒಪ್ಪಿಗೆ ಬೇಕು ಎಂದು ಆ ಕ್ಯಾಸೆಟ್ ಕಂಪನಿಯವರು ಅತ್ತೆಯನ್ನು ಕೇಳಿದ್ದರು.

ಅತ್ತೆ ಹಿಂಜರಿದದ್ದು ಅಂಕಿತಕ್ಕಾಗಿ. ದಾಸರ ಪದದ ಕೊನೆಯ ನುಡಿಯಲ್ಲಿ ದಾಸರು ತಮ್ಮ ದೇವರ ಹೆಸರನ್ನು ಇಟ್ಟಿರುತ್ತಾರೆ, ಅದೇ ಅಂಕಿತ. ಅದನ್ನು ಹಾಡದೆ ಪದ ಬಿಟ್ಟು ಎದ್ದವರನ್ನು ಅವರ ಮನೆಯಲ್ಲಿ ಯಾರೂ ಕಂಡಿಲ್ಲ. ಕಾಲರ್ ಟ್ಯೂನ್‌ಗೆ ಪಲ್ಲವಿಯೊಂದೇ ಸಾಕು.

"ಸೈನ್ ಮಾಡಿದ್ರೆ ಅರ್ಧ ಹಾಡು. ಮಾಡ್ಲಿಲ್ಲಾಂದ್ರೆ ಅದೂ ಇಲ್ಲ. ನೀನು ಇದನ್ನೇ ತಾನೆ ಪಾಠ ಮಾಡೋದು? ಹೇಳು ಮಾ," ಎಂದರು.

ಅಂಕಿತವನ್ನೂ ಸೇರಿಸಿ ಎಂದು ಕಂಪನಿಯನ್ನು ಕೇಳಿದೆ. ಸೇರಿಸಿದರೂ ಜನ ಅಲ್ಲಿಯವರೆಗೆ ಫೋನ್ ಎತ್ತದೆ ಕೂರುತ್ತಾರೆಯೇ ಮೇಡಂ ಎಂದರು. ಅದೂ ನಿಜವೇ. ಹೆಸರು ಹೇಳದೆ ವಿಷಯವನ್ನು ತರಗತಿಯಲ್ಲಿಟ್ಟೆ. ಅರ್ಧ ಜನ ಒಪ್ಪಬೇಕು ಎಂದರು, ಅರ್ಧ ಜನ ಕೂಡದು ಎಂದರು. ಎರಡೂ ಕಡೆಯ ವಾದವನ್ನು ಬೋರ್ಡಿನ ಮೇಲೆ ಬರೆದು, ಎರಡೂ ಸರಿ ಎನ್ನಿಸಿ, ಒರೆಸಿಬಿಟ್ಟೆ. ಟೀಚರಿಗೇ ಗೊತ್ತಿಲ್ಲ ಎನ್ನುವುದು ಅಂದು ಎಲ್ಲರಿಗೂ ಗೊತ್ತಾಯಿತು.

ಆ ಕಂಪನಿಯಲ್ಲಿ ಕಾಲರ್ ಟ್ಯೂನಿಗೆ ಹಾಡುಗಳನ್ನು ಕತ್ತರಿಸುವ ಕೆಲಸದಲ್ಲಿದ್ದವನು ನನ್ನದೇ ಹಳೆಯ ವಿದ್ಯಾರ್ಥಿ ಕಾರ್ತಿಕ್. ಅವನೂ ಕನ್ನಡದ ಮನೆಯವನೇ, ಆದರೆ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಅತ್ತೆಯ ಒಂದು ಹಾಡನ್ನು ಮಾದರಿಗೆಂದು ತನ್ನ ಫೋನಿಗೆ ಹಾಕಿಕೊಂಡು, "ನೀವೇ ಫೋನ್ ಮಾಡಿ ಕೇಳಿ" ಎಂದು ನನಗೆ ತಿಳಿಸಿದ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದ ಅತ್ತೆಯೇ ನನ್ನ ಫೋನಿನಲ್ಲಿ ಅವನ ನಂಬರ್ ಒತ್ತಿದರು. ನಾನು ಸ್ಪೀಕರ್ ಹಾಕಿದೆ.

ಕ್ಯಾಸೆಟ್ಟಿನ ಕಾಲದ ಅವರ ದನಿ ಬಂತು. ಅತ್ತೆ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದರು. ಪಲ್ಲವಿಯ ನಡುವಿನಲ್ಲೇ ಕಾರ್ತಿಕ್ ಫೋನ್ ಎತ್ತಿದ. "ಹಲೋ, ಮೇಡಂ?"

ಅತ್ತೆ ಹಾಡು ನಿಂತಲ್ಲಿಂದಲೇ ಎತ್ತಿಕೊಂಡು ಹಾಡತೊಡಗಿದರು. ನುಡಿಯ ಮೇಲೆ ನುಡಿ. ಎಪ್ಪತ್ತು ದಾಟಿದ ದನಿ, ಎರಡು ಸಲ ಉಸಿರು ಸಾಲಲಿಲ್ಲ, ನಿಂತು ಮತ್ತೆ ಹಾಡಿದರು. ಕಾರ್ತಿಕ್ ಫೋನ್ ಇಡಲಿಲ್ಲ. ಅಂಕಿತ ಬಂತು, ಪಲ್ಲವಿಗೆ ಮರಳಿ ಮುಗಿಸಿದರು.

"ಈಗ ಹೇಳಪ್ಪಾ," ಎಂದರು.

ಅವನು, "ಸತ್ಯಮಾ ನಾನ್ ಕಡೈಸಿ ವರೈಕ್ಕುಂ ಕೇಟ್ಟದೇ ಇಲ್ಲೆ, ಮಾಮಿ," ಎಂದ. ತಾನು ಕತ್ತರಿಸಿದ ಹಾಡನ್ನು ಕೊನೆಯವರೆಗೆ ಅವನು ಕೇಳಿಯೇ ಇರಲಿಲ್ಲ! ನನಗೆ ಸಿಟ್ಟು ಬಂತು, ಅತ್ತೆಗೆ ಬರಲಿಲ್ಲ.

ಫೋನ್ ಇಟ್ಟು ಪೆನ್ ಕೇಳಿದರು.

"ಅತ್ತೆ, ಇನ್ನೊಂದು ಸಲ ಯೋಚನೆ ಮಾಡಿ," ಎಂದೆ.

"ಕೊನೆ ಅಂತ ಒಂದಿದೆ ಅಂತ ಅವನಿಗೆ ಗೊತ್ತಾಯ್ತಲ್ಲ. ಇನ್ನು ಕತ್ತರಿಸ್ಲಿ, ವಿಡು," ಎಂದು, ಬಿಡು ಎನ್ನುವುದನ್ನು ತಮಿಳಿನಲ್ಲೇ ಹೇಳಿ, ಸೈನ್ ಮಾಡಿದರು.

ಅವರು ಮಾಡಿದ್ದು ಸರಿಯೋ ತಪ್ಪೋ ನನಗೆ ಇಂದಿಗೂ ಬಗೆಹರಿದಿಲ್ಲ. ಮಾರುಕಟ್ಟೆಯ ಹಿಂದೆ ಓಡುತ್ತಾ, ನಿವೃತ್ತಿಯವರೆಗೂ ಅರ್ಧಂಬರ್ಧ ಗೊಂದಲದಲ್ಲೇ ಪಾಠ ಮಾಡಿದೆ. ಆದರೆ ಏನನ್ನು ಮಾರಲು ಹೊರಟಿದ್ದೇವೆ ಎಂಬುದನ್ನು ಮೊದಲು ಪೂರ್ತಿ ಕೇಳಬೇಕು ಎನ್ನುವುದನ್ನು ಆ ಭಾನುವಾರ ಕಲಿತೆ. ಅಂದಿನಿಂದ ಕರಾರಿನ ಪಾಠಕ್ಕೆ ಮುಂಚೆ ತರಗತಿಯಲ್ಲಿ ಒಂದು ಹಾಡು ಹಾಕುತ್ತಿದ್ದೆ. ಪಲ್ಲವಿ ಮುಗಿಯುತ್ತಲೇ ಗಡಿಯಾರ ನೋಡುವವರು ಪ್ರತಿವರ್ಷವೂ ಇರುತ್ತಿದ್ದರು. ಅಂಕಿತ ಬರುವವರೆಗೆ ಒಬ್ಬರನ್ನೂ ಏಳಲು ಬಿಡುತ್ತಿರಲಿಲ್ಲ.