ಪಕ್ಕದ ಶಾಟ್

ನಮ್ಮ ಮಾಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕೆ ಸೀಳಿತ್ತು. ಕೀಬೋರ್ಡಿಗೆ ಅದು ತಾಗಿದಾಗ ಟಕ್ಕೆಂದು ಸದ್ದಾಗುತ್ತಿತ್ತು, ಸದ್ದಿಗೊಂದು ಕಟ್. ಬನ್ನಂಜೆಯಲ್ಲಿದ್ದ ಅವರ ಸ್ಟುಡಿಯೋದಲ್ಲಿ ಮದುವೆ ವೀಡಿಯೊ ಎಡಿಟ್ ಮಾಡಲು ಸೇರಿದಾಗ ನನಗೆ ಮೂವತ್ತೆರಡು. ಬಾಗಲಕೋಟೆಯಿಂದ ಕಟ್ಟಡ ಕೆಲಸಕ್ಕೆ ಬಂದು ಕಾಪುವಿನಲ್ಲಿ ನೆಲೆ ನಿಂತವರು ನಾವು. ಮಾಷ್ಟ್ರ ಮನೆಮಾತು ಬ್ಯಾರಿ, ಗಿರಾಕಿಗಳದ್ದು ತುಳು. ಕನ್ನಡ ಇದ್ದದ್ದು ನನ್ನನ್ನು ಬೈಯುವುದಕ್ಕೆ.

ಬೈಗುಳಕ್ಕೆ ಬರ ಇರಲಿಲ್ಲ. ಶಾಟ್ ಉದ್ದವಾದರೆ, "ಇದೆಂತ, ಜಡಿಮಳೆಯಾ? ನಿಲ್ಲುವುದೇ ಇಲ್ಲವಾ?" ಎನ್ನುತ್ತಿದ್ದರು. ನಾನು ಅತ್ತರೆ ಕುರ್ಚಿ ತಿರುಗಿಸಿ, "ಈ ಅಳುವನ್ನು ಎಲ್ಲಿ ಕಟ್ ಮಾಡ್ತಿ, ಹೇಳು" ಎನ್ನುವರು. ಕಲ್ಲೆದೆ. ಒಮ್ಮೆ ಸುಮ್ಮನೆ ಕುಳಿತಿದ್ದ ಅಡುಗೆ ಭಟ್ಟರೊಬ್ಬರ ಮುಖದ ಶಾಟಿನ ಪಕ್ಕ ಪಾಯಸ ಬಡಿಸಿದ ಎಲೆಯ ಶಾಟ್ ಇಟ್ಟರು, ಭಟ್ಟರಿಗೆ ಹಸಿವಾಯಿತು. ಎಲೆ ತೆಗೆದು, ಹೊರಟು ನಿಂತ ಮದುಮಗಳನ್ನು ಇಟ್ಟರು. ಅದೇ ಮುಖ ಮಗಳನ್ನು ಕಳಿಸುವ ಅಪ್ಪನದಾಯಿತು. "ಮುಖಕ್ಕೆ ಅರ್ಥ ಇಲ್ಲ ಮಾರಾಯ್ತಿ. ಪಕ್ಕದಲ್ಲಿ ಎಂತ ಉಂಟು, ಅದೇ ಅರ್ಥ" ಎಂದರು. ನಾನು ತಲೆಯಾಡಿಸಿದೆ. ತಲೆಯೊಳಗೆ ಹೋಗಿರಲಿಲ್ಲ.

ಎಲ್ಲೂರಿನ ಒಂದು ಮದುವೆ. ಮದುಮಗಳಿಗೆ ಚಿನ್ನ ತೊಡಿಸುವಲ್ಲಿ ಕ್ಯಾಮರಾ ಅಲುಗಿತ್ತು, ಅದನ್ನು ಮುಚ್ಚಲು ಯಾರದ್ದಾದರೂ ಮುಖ ಬೇಕಿತ್ತು. ಅವಳ ಸೋದರತ್ತೆಯದು ಸಿಕ್ಕಿತು, ಹಾಕಿದೆ. ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಇದ್ದವರು ಅವರು. ಆ ಶಾಟ್ ಬೆಳಗ್ಗಿನದು. ಸುಮ್ಮನೆ ನೋಡುತ್ತಿದ್ದವರು ಕೊನೆಯಲ್ಲಿ ಹಲ್ಲುನೋವಿಗೆ ದವಡೆ ಕಚ್ಚಿದ್ದರು. ಚಿನ್ನದ ಪಕ್ಕ ಅದು ಹೊಟ್ಟೆಕಿಚ್ಚಾಯಿತು. ವೀಡಿಯೊ ನೋಡಿದ ತಮ್ಮನ ಹೆಂಡತಿ ವಾರದೊಳಗೆ ಅವರನ್ನು ಮನೆ ಬಿಡಿಸಿದಳು.

ವಿಷಯ ತಿಳಿದು, ಕಟ್ ಮಾಡದ ವೀಡಿಯೊ ಹಿಡಿದುಕೊಂಡು ಆ ಮನೆಗೆ ಓಡಿದೆ. ಬೆಳಗ್ಗಿನಿಂದ ಎಲ್ಲ, ಅತ್ತೆ ಹಲ್ಲುನೋವೆಂದು ಕೆನ್ನೆ ಒತ್ತಿಕೊಂಡದ್ದನ್ನೂ ತೋರಿಸಿದೆ. "ಮುಖ ಅವರದ್ದೇ ಅಲ್ವಾ?" ಎಂದಳು ಆ ಹೆಂಗಸು. ಅತ್ತೆ ಮಣಿಪಾಲದ ಹಾಸ್ಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅಲ್ಲಿಗೂ ಹೋಗಿ ಕಾಲು ಹಿಡಿದೆ, ವೀಡಿಯೊ ತೋರಿಸಿದೆ. ಅವರು ಎರಡು ಸಲ ನೋಡಿದರು.

"ಹಲ್ಲುನೋವು ಇದ್ದದ್ದು ಹೌದು ಮಗಾ. ಈಗ ನೋಡಿದರೆ ನನಗೂ ಹಾಗೆಯೇ ಕಾಣ್ತದೆ. ಹೊಟ್ಟೆಕಿಚ್ಚು ಇತ್ತೋ ಏನೋ."

ಸ್ಟುಡಿಯೋಗೆ ಬಂದು ಮಾಷ್ಟ್ರಿಗೆ ಹೇಳಿದೆ. ಅವರು ಕೆಲಸ ನಿಲ್ಲಿಸಲೂ ಇಲ್ಲ. "ಗಿರಾಕಿಗೆ ಕೊಡುವ ಮೊದಲೇ ನಾನು ಅದನ್ನು ನೋಡಿದ್ದೆ. ಬಾಯಲ್ಲಿ ಹೇಳಿದ್ದರೆ ನೀನು ಕಲೀತಿದ್ದಿಯಾ?"

ಅಂದಿನಿಂದ ಅವರನ್ನು ದ್ವೇಷಿಸಿದೆ. ಆದರೂ ಕೆಲಸ ಬಿಡಲಿಲ್ಲ. ಅವರಷ್ಟು ಚೆನ್ನಾಗಿ ಕಲಿಸುವವರು ಇನ್ನೊಬ್ಬರಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕಳೆದ ವರ್ಷ ಅವರು ಹಾಸಿಗೆ ಹಿಡಿದಾಗ ಹೂಡೆಯಲ್ಲಿದ್ದ ಅವರ ಮನೆಗೆ ಹೋದೆ.

"ಎಲ್ಲೂರಿನ ಆ ಅತ್ತಿ ನೆನಪದಾರೇನ್ರಿ ಮಾಷ್ಟ್ರೇ?"

"ಯಾವ ಅತ್ತೆ?"

"ಬಂಗಾರದ ಬಾಜೂಕ ನಾ ಹಾಕಿದ್ನಲ್ರಿ, ಆ ಮುಖ."

ಕಣ್ಣು ತೆರೆದರು. "ಓ, ಆ ಕಟ್ಟಾ. ಅದು ಹನ್ನೆರಡು ಫ್ರೇಮ್ ಉದ್ದ ಆಗಿತ್ತು."

ನಾಲ್ಕನೆಯ ದಿನ ತೀರಿಕೊಂಡರು. ನನಗೆ ಅಳು ಬರಲಿಲ್ಲ. ಮನೆಗೆ ಬಂದು ಆ ಹಳೆಯ ಫೈಲ್ ತೆರೆದು, ಅತ್ತೆಯ ಮುಖದ ಕೊನೆಯಿಂದ ಒಂದೊಂದೇ ಫ್ರೇಮ್ ತೆಗೆಯುತ್ತ ಹೋದೆ. ಹನ್ನೆರಡು ಫ್ರೇಮ್ ಎಂದರೆ ಅರ್ಧ ಸೆಕೆಂಡ್. ಹನ್ನೆರಡನೆಯದು ಹೋದಾಗ ಕಚ್ಚಿದ ದವಡೆಯೂ ಹೋಗಿತ್ತು; ಅಣಿಯಾಗುತ್ತಿರುವ ತಮ್ಮನ ಮಗಳನ್ನು ಸುಮ್ಮನೆ ನೋಡುತ್ತ ಅತ್ತೆ ಕುಳಿತಿದ್ದರು.