ಐಸಿಗೆ ಒತ್ತಿಟ್ಟ ಲಸಿಕೆ

ಎಂಬತ್ತರ ದಶಕದ ಕೊನೆಗೆ ನಾನು ರಾಣೇಬೆನ್ನೂರು ತಾಲೂಕಿನಲ್ಲಿ ಹೊಸ ನರ್ಸು. ತಿಂಗಳಿಗೊಮ್ಮೆ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಕುಪ್ಪೇಲೂರಿನ ಬಸ್ಸು ಹತ್ತುತ್ತಿದ್ದೆ. ನನಗಿದ್ದ ಭಯ ಬಿಸಿಲಿನದು. ಲಸಿಕೆ ಬಿಸಿಯಾದರೆ ಕೆಡುತ್ತದೆ ಎಂದು ಕಲಿಸಿದ್ದರು. ತಂಪು ಹೆಚ್ಚಾದಷ್ಟೂ ಒಳ್ಳೆಯದೆಂದು ನಾನೇ ಸೇರಿಸಿಕೊಂಡೆ. ಆ ಏಪ್ರಿಲ್‌ನಲ್ಲಿ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ ಲಸಿಕೆಯ ಸೀಸೆಗಳನ್ನು ಐಸಿಗೆ ನೇರ ಒತ್ತಿಟ್ಟು ಮುಚ್ಚಳ ಬಿಗಿದೆ. ಅತಿ ಜಾಣತನ.

ಊರಿನ ಶಾಲೆಯ ಕಟ್ಟೆಯ ಮೇಲೆ ಡಬ್ಬಿ ತೆರೆದರೆ ಸೀಸೆಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಈ ಸೂಜಿಗೆ ಮಕ್ಕಳಿಗೆ ಜ್ವರ ಬರುತ್ತದೆಂದು ಹೆದರುವ ತಾಯಂದಿರನ್ನು ಮನೆಮನೆಗೆ ಹೋಗಿ ಒಪ್ಪಿಸಿ ಕೂರಿಸಿದ್ದೆ. ವಾಪಸ್ ಕಳಿಸಿದರೆ ಮತ್ತೆ ಬರುತ್ತಾರೆಯೇ? ಅವರಲ್ಲೊಬ್ಬಾಕೆಯ ಹಿರಿಮಗ ಗಂಟಲಮಾರಿಯಿಂದ ತೀರಿಹೋಗಿದ್ದ. ಎರಡನೆಯ ಕೂಸನ್ನು ಎಲ್ಲರಿಗಿಂತ ಮೊದಲು ತಂದು ಕೂತಿದ್ದಳು. ಸೀಸೆಗಳನ್ನು ಅಂಗೈಯಲ್ಲಿ ಹಿಡಿದು ಕರಗಿಸಿ ಎಲ್ಲರಿಗೂ ಹಾಕಿಬಿಟ್ಟೆ.

ಸಂಜೆ ದವಾಖಾನೆಯ ಡಾಕ್ಟರು ಉಳಿದ ಸೀಸೆಯನ್ನು ಅಲ್ಲಾಡಿಸಿ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಒಳ್ಳೆಯದೊಂದು. ಒಳ್ಳೆಯದು ಹಾಲಿನಂತೆ ಬೆಳ್ಳಗೆ ಉಳಿಯಿತು. ನನ್ನದರಲ್ಲಿ ಚಕ್ಕೆಗಳು ತಳಕ್ಕಿಳಿದವು, ಮೇಲೆ ತಿಳಿನೀರು. ಅವರು ಬಿಡಿಸಿ ಹೇಳಿದರು. ಔಷಧದ ಪ್ರೋಟೀನಿನ ಸುತ್ತ ನೀರಿನ ಕಣಗಳು ಸದಾ ಓಡಾಡುತ್ತ ಅದನ್ನು ಅದರ ಆಕಾರದಲ್ಲಿ ಹಿಡಿದಿರುತ್ತವೆ. ಕಾದರೆ ಅವುಗಳ ಓಟ ಜೋರಾಗಿ ಪ್ರೋಟೀನು ಬಿಚ್ಚಿಕೊಳ್ಳುತ್ತದೆ. ಹೆಪ್ಪುಗಟ್ಟಿದರೆ ಅವು ತಮ್ಮತಮ್ಮಲ್ಲೇ ಕೈಹಿಡಿದು ನಿಂತು ಔಷಧವನ್ನು ಆಚೆ ತಳ್ಳುತ್ತವೆ, ಅದು ಮುದ್ದೆಗಟ್ಟುತ್ತದೆ. ಮತ್ತೆ ಕರಗಿಸಿದರೆ ಒಡೆದ ಹಾಲು ಕೂಡೀತೇ?

"ಮುಂದಿನ ತಿಂಗಳ ಎಲ್ಲಾರಿಗೂ ಮತ್ತ ಹಾಕಬೇಕ," ಅಂದರು. "ಯಾಕಂತ ಹೇಳಾಕೂ ಬೇಕ."

ಆ ತಿಂಗಳು ಬಸ್ಸಿನಲ್ಲಿ ಯಾವ ಕೂಸು ಕೆಮ್ಮಿದರೂ ಯಾವ ಊರಿನದೆಂದು ಕೇಳುತ್ತಿದ್ದೆ. ಹೇಗೂ ತಿಂಗಳ ಸೂಜಿ ಇದ್ದೇ ಇದೆ, ಏನೂ ಹೇಳದೆ ಚುಚ್ಚಿ ಬಂದರಾಯಿತು, ಯಾರಿಗೆ ಗೊತ್ತಾಗುತ್ತದೆ ಎಂದೂ ಯೋಚಿಸಿದೆ. ಸುಳ್ಳು ಯಾಕೆ, ಬಹಳ ಸಲ ಯೋಚಿಸಿದೆ.

ಮುಂದಿನ ತಿಂಗಳು ಕಟ್ಟೆಯ ಹತ್ತಿರ ಹೋಗುತ್ತಲೇ, ಹಿರಿಮಗನನ್ನು ಕಳೆದುಕೊಂಡ ಆ ತಾಯಿ ನಗುತ್ತ ಎದುರು ಬಂದಳು. "ನಿಮ್ಮ ಕೈಗುಣ ಚಲೋ ಐತ್ರಿ ಅಕ್ಕಾರ. ಈ ಸಲ ಕೂಸಿಗೆ ಜ್ವರಾನ ಬರಲಿಲ್ಲ."

ಕೆಟ್ಟ ಲಸಿಕೆಗೆ ಸಿಕ್ಕ ಆ ಹೊಗಳಿಕೆಯನ್ನು ತಾಳಿಕೊಳ್ಳಲು ನನ್ನಿಂದಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಇಬ್ಬರು ಹೆಂಗಸರು ತಮ್ಮ ಕೂಸುಗಳನ್ನೆತ್ತಿಕೊಂಡು ಎದ್ದು ಹೋದರು. ಆಮೇಲೆ ಅವರ ಮನೆಗೆ ಮೂರು ಸಲ ಅಲೆದೆ. ಆ ತಾಯಿ ಮಾತ್ರ ಅಂದು ಎದ್ದು ಹೋಗಲಿಲ್ಲ. ಕೈಚಾಚಿ ಹೊಸ ಸೀಸೆ ಕೇಳಿದಳು. ನಾನು ತೋರಿಸಿಕೊಟ್ಟಂತೆ ಅಲ್ಲಾಡಿಸಿ ಕಟ್ಟೆಯ ಮೇಲಿಟ್ಟು, ಕೂಸನ್ನು ಮಡಿಲಲ್ಲಿ ಅವುಚಿಕೊಂಡು ಅದರ ಮುಂದೆ ಅರ್ಧ ಗಂಟೆ ಕೂತಳು. ಚಕ್ಕೆ ತಳಕ್ಕಿಳಿಯಲಿಲ್ಲ. ಆಗ ಕೂಸಿನ ಕಾಲು ನನ್ನತ್ತ ಚಾಚಿ ಹಿಡಿದಳು.

ನಾನು ಆ ಊರಿಗೆ ಹೋಗುತ್ತಿದ್ದಷ್ಟು ದಿನವೂ ಆಕೆ ಹಾಗೇ ಮಾಡಿದಳು: ಮೊದಲು ಸೀಸೆ ಅಲ್ಲಾಡಿಸಿ ನೋಡುವುದು, ಆಮೇಲೆ ಆರಾಮ ಅದೀರೇನ್ರಿ ಎಂದು ನನ್ನನ್ನು ಕೇಳುವುದು. ಕೈಗುಣದ ಮಾತು ಮತ್ತೆ ಎತ್ತಲಿಲ್ಲ.